ದೊಡ್ಡಸ್ವಾಮಿಯವರ ಎರಡು ಲೆಕ್ಕ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಅಬ್ಬೆ ದುಬಾಯ್ ಎಂದರೆ ಒಂದು ಅಂಕದ ಪ್ರಶ್ನೆ. ಹಿಂದೂಗಳ ರೀತಿನೀತಿ, ಆಚಾರ ವಿಚಾರಗಳ ಮೇಲೆ ದೊಡ್ಡ ಪುಸ್ತಕ ಬರೆದ ಫ್ರೆಂಚ್ ಪಾದ್ರಿ ಯಾರು? ಉತ್ತರಕ್ಕೆ ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ. ಸಂತೆಮರಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ನೋಟ್ಸ್ ಮಾಡುತ್ತ ಕೂತಿದ್ದ ನನ್ನನ್ನು ತಡೆದು ನಿಲ್ಲಿಸಿದ್ದು ಪುಸ್ತಕವಲ್ಲ, ಒಂದು ಸಂಖ್ಯೆ: 25,432. ಮೈಸೂರು ಸೀಮೆಯಲ್ಲಿ 1803-04ರ ಹೊತ್ತಿಗೆ ಈ ಪಾದ್ರಿಯ ಮೇಲ್ವಿಚಾರಣೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡು ದಾಖಲಾದ ಜನರ ಲೆಕ್ಕ ಅದು. ಆಗ ಬಸ್ಸಿಲ್ಲ, ಆಸ್ಪತ್ರೆಯಿಲ್ಲ, ಲಸಿಕೆಯನ್ನು ತಂಪಾಗಿಡುವ ಫ್ರಿಜ್ಜಂತೂ ಇಲ್ಲವೇ ಇಲ್ಲ. ಅಷ್ಟು ಜನ ಒಬ್ಬ ಪರದೇಶಿಯ ಮುಂದೆ ತೋಳು ಚಾಚಿದ್ದು ಹೇಗೆ? ಅಂದಿನಿಂದ ಈ ಮನುಷ್ಯನ ಬೆನ್ನು ಹತ್ತಿದ್ದೇನೆ.

ಅವರು ಹುಟ್ಟಿದ್ದು ಫ್ರಾನ್ಸಿನ ದಕ್ಷಿಣದ ಆರ್ದೆಶ್ ಎಂಬ ಗುಡ್ಡಗಾಡು ಸೀಮೆಯಲ್ಲಿ. ಪಾದ್ರಿಯಾಗಿ ದೀಕ್ಷೆ ಪಡೆದದ್ದು 1792ರಲ್ಲಿ. ಅದು ಫ್ರಾನ್ಸಿನ ಕ್ರಾಂತಿ ಪಾದ್ರಿಗಳನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದ ವರ್ಷ. ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ನಿನ ಪರವಾಗಿ ಹಡಗು ಹತ್ತಿ ಭಾರತಕ್ಕೆ ಬಂದರು. ಮೊದಲ ಕೆಲವು ವರ್ಷ ತಮಿಳು ನಾಡಿನ ಕಡೆ ಕಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ತೀರಿಕೊಂಡ ಮೇಲೆ ಮೈಸೂರು ಸೀಮೆಗೆ ಬಂದರು. ಟಿಪ್ಪುವಿನ ಕಾಲದಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದಿದ್ದ, ಮತ ಬದಲಿಸಬೇಕಾಗಿ ಬಂದಿದ್ದ ಕ್ರೈಸ್ತರು ಚೆಲ್ಲಾಪಿಲ್ಲಿಯಾಗಿದ್ದರು. ಅವರನ್ನು ಮತ್ತೆ ಕೂಡಿಸುವುದು ಇವರ ಪಾಲಿನ ಕೆಲಸ.

ಆಗ ಮೈಸೂರಿನ ಗದ್ದುಗೆಯ ಮೇಲೆ ಕೂತವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರವೇ ಮುಂದೆ 1818ರಲ್ಲಿ ನಮ್ಮ ಚಾಮರಾಜನಗರವಾಯಿತು ಎಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆ ಹೆಸರು ಬರುವಾಗಲೂ ದುಬಾಯ್ ಇದೇ ಸೀಮೆಯಲ್ಲಿದ್ದರು.

ಅವರು ಬದುಕಿದ ರೀತಿಯೇ ಬೇರೆ. ಇಲ್ಲಿಯವರಂತೆ ಬಟ್ಟೆ ತೊಟ್ಟರು. ಜನ ಹೇಸುವ ಆಹಾರವನ್ನು ಬಿಟ್ಟರು. ಇಲ್ಲಿಯ ಭಾಷೆ ಕಲಿತರು. ಯಾರ ಮನೆಯಲ್ಲಿ ಎಲ್ಲಿ ಕೂರಬೇಕು, ಯಾವುದನ್ನು ಮುಟ್ಟಬಾರದು ಎಂಬ ಕಟ್ಟುಪಾಡುಗಳನ್ನೂ ಪಾಲಿಸಿದರು. ನನಗೆ ಇದರಲ್ಲಿ ಒಂದು ತಕರಾರಿದೆ. ಜಾತಿಯ ಕಟ್ಟುಪಾಡಿಗೂ ತಲೆಬಾಗಿದ್ದು ಸರಿಯೇ? ಇಂದು ನಾವು ಒಪ್ಪುವುದಿಲ್ಲ. ಆದರೆ ಅವರ ಕಣ್ಣ ಮುಂದೆ ಇನ್ನೊಂದು ಮಾದರಿಯಿತ್ತು. ಕುಡಿದು ಕೂಗಾಡುವ, ಕಂಡದ್ದನ್ನು ದೋಚುವ ಯುರೋಪಿನ ಸಿಪಾಯಿಗಳೂ ಕೊರಳಲ್ಲಿ ಅದೇ ಶಿಲುಬೆ ಹಾಕಿಕೊಂಡಿದ್ದರು. ಕ್ರೈಸ್ತ ಧರ್ಮಕ್ಕೆ ಈ ನೆಲದಲ್ಲಿ ಕೆಟ್ಟ ಹೆಸರು ಬಂದದ್ದು ಕ್ರೈಸ್ತರೆನಿಸಿಕೊಂಡವರ ನಡತೆಯಿಂದಲೇ ಎಂದು ಅವರು ಮುಂದೆ ಬರೆದರು. ಹಾಗಾಗಿ ಊಟ, ಬಟ್ಟೆ, ಮಾತು ಇವೆಲ್ಲ ಅವರಿಗೆ ವೇಷವಾಗಿರಲಿಲ್ಲ, ವ್ರತವಾಗಿತ್ತು ಎಂದು ನಾನು ತಿಳಿದಿದ್ದೇನೆ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು.

ಇನ್ನು ಲಸಿಕೆಯ ವಿಷಯ. ನಮ್ಮ ಅಜ್ಜಿಯ ತೋಳಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟಗಲದ ದಾಕಿನ ಗುರುತಿದೆ. ನಿಮ್ಮ ಮನೆಯ ಹಿರಿಯರ ತೋಳಲ್ಲೂ ನೋಡಿರುತ್ತೀರಿ. ನಮ್ಮ ತಲೆಮಾರಿಗೆ ಆ ಗುರುತು ಇಲ್ಲ. ಸಿಡುಬು 1975ರ ಹೊತ್ತಿಗೆ ಭಾರತದಿಂದ ಹೋಯಿತು, 1980ರಲ್ಲಿ ಇಡೀ ಲೋಕದಿಂದಲೇ ಹೋಯಿತೆಂದು ಘೋಷಿಸಿದರು. ಆದರೆ 1800ರ ಸುಮಾರಿನಲ್ಲಿ ಅದು ಮನೆಮನೆಯ ಭಯ. ಬಂದರೆ ಮಾರಮ್ಮನೇ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಕಾಯುವುದು. ಉಳಿದವರಲ್ಲಿ ಎಷ್ಟೋ ಜನ ಕಣ್ಣು ಕಳೆದುಕೊಳ್ಳುತ್ತಿದ್ದರು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ರಸದಿಂದ ಈ ರೋಗ ತಡೆಯಬಹುದೆಂದು 1796ರಲ್ಲಿ ಪ್ರಯೋಗ ಮಾಡಿದ. ಆ ರಸ ಭಾರತಕ್ಕೆ ತಲುಪಿ ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವಿನ ತೋಳಲ್ಲಿ ಹಿಡಿದದ್ದು 1802ರ ಜೂನ್‌ನಲ್ಲಿ. ಅಂದರೆ ದುಬಾಯ್ ಕೆಲಸಕ್ಕೆ ಇಳಿದಾಗ ಈ ದೇಶಕ್ಕೆ ಅದು ಹೊಚ್ಚಹೊಸದು.

ಈಗಿನಂತೆ ಬಾಟಲಿಯಲ್ಲಿ ಲಸಿಕೆ ಬರುತ್ತಿರಲಿಲ್ಲ. ಒಂದು ಮಗುವಿಗೆ ಹಾಕಿದರೆ ಸುಮಾರು ಎಂಟನೆಯ ದಿನ ಅಲ್ಲಿ ಬೊಕ್ಕೆ ತುಂಬಿ ಬರುತ್ತದೆ. ಅದನ್ನು ಚುಚ್ಚಿ, ಬಂದ ರಸವನ್ನು ಇನ್ನೊಬ್ಬರ ತೋಳಿಗೆ ಗೀರಿ ಹಾಕಬೇಕು. ಎಂಟು ದಿನಕ್ಕೆ ಮತ್ತೊಬ್ಬರು, ಮತ್ತೆಂಟು ದಿನಕ್ಕೆ ಇನ್ನೊಬ್ಬರು. ನಡುವೆ ಹೊಸ ತೋಳು ಸಿಗದಿದ್ದರೆ ಸರಪಳಿ ಕಡಿದುಹೋಯಿತು, ರಸ ಸತ್ತಿತು. ಮನುಷ್ಯರ ಮೈಯೇ ಲಸಿಕೆಯ ಉಗ್ರಾಣ. ಈಗ ಯೋಚಿಸಿ: ಯಾರ ಮೈಯ ರಸ ಯಾರ ಮೈಗೆ? ಒಂದೇ ಬಾವಿಯ ನೀರು ಕುಡಿಯದ ಊರಿನಲ್ಲಿ ಒಂದು ಕೇರಿಯ ಮಗುವಿನ ತೋಳಿನದು ಇನ್ನೊಂದು ಕೇರಿಯ ಮಗುವಿನ ತೋಳಿಗೆ ಹೋಗಬೇಕಿತ್ತು. ಜೊತೆಗೆ ಜ್ವರ ಬರುತ್ತದೆ, ದೇವಿ ಮುನಿಯುತ್ತಾಳೆ ಎಂಬ ಅಂಜಿಕೆ. ಕೋವಿಡ್ ಲಸಿಕೆಗೆ ಆರೋಗ್ಯ ಕಾರ್ಯಕರ್ತೆಯರು ಬಂದಾಗ ಹಿತ್ತಲ ಬಾಗಿಲಿಂದ ಜಮೀನಿಗೆ ಓಡಿದವರನ್ನು ನಾವೇ ನೋಡಿದ್ದೇವೆ. ಎರಡು ಶತಮಾನದ ಹಿಂದೆ ಹೇಗಿದ್ದಿರಬೇಕು?

ಅರಮನೆಯೂ ಈ ಕೆಲಸಕ್ಕೆ ನೆರವಾಯಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ರಾಣಿ ಸೆರಗು ಸರಿಸಿ ತೋಳು ತೋರುವಂತೆ ನಿಂತದ್ದು ಲಸಿಕೆಯ ಬಗ್ಗೆ ಜನರಿಗೆ ಧೈರ್ಯ ತುಂಬುವುದಕ್ಕೇ ಎಂದು ಇತಿಹಾಸಕಾರರು ವಾದಿಸಿದ್ದಾರೆ. ಆದರೆ ಚಿತ್ರ ಹಳ್ಳಿಗೆ ಹೋಗುವುದಿಲ್ಲ. ಹಳ್ಳಿಯಲ್ಲಿ ತೋಳು ಚಾಚಬೇಕಾದರೆ ಎದುರಿಗಿರುವ ಮನುಷ್ಯನ ಮೇಲೆ ನಂಬಿಕೆ ಬೇಕು. ದೊಡ್ಡಸ್ವಾಮಿಯವರು ಅದನ್ನು ಮೊದಲೇ, ದಿನದಿನದ ನಡೆಯಲ್ಲಿ ಸಂಪಾದಿಸಿಕೊಂಡಿದ್ದರು.

ನೆಲೆ ತಪ್ಪಿದ್ದ ಕ್ರೈಸ್ತ ಕುಟುಂಬಗಳಿಗೆ ಅವರು ಕಟ್ಟಿಕೊಟ್ಟದ್ದು ಬರಿಯ ಚರ್ಚನ್ನಲ್ಲ. ಹಾಸನದ ಬಳಿಯ ಸಾತಳ್ಳಿಯಂಥ ಕಡೆ ಬೇಸಾಯ ಮಾಡಿ ಬದುಕುವಂತೆ ಅವರನ್ನು ನೆಲೆಗೊಳಿಸಿದರು. ಇಲ್ಲೊಂದು ಮಾತು. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚಿನ ರೀಲ್ಸ್ ನೋಡಿದ್ದೀರಲ್ಲ, ಅದನ್ನು 1860ರಲ್ಲಿ ಅಬ್ಬೆ ದುಬಾಯ್ ಕಟ್ಟಿಸಿದರೆಂದು ಹಲವರು ಹಾಕುತ್ತಾರೆ. ಅವರು ತೀರಿಕೊಂಡದ್ದು 1848ರಲ್ಲಿ! ಅವರ ಹೆಸರಿನಿಂದ ಜನ ಕರೆಯುವ ಚರ್ಚು ಬೇಕಾದರೆ ಶ್ರೀರಂಗಪಟ್ಟಣದ ಗಂಜಾಂಗೆ ಹೋಗಿ. ಗುಂಬಜ್ ನೋಡಲು ಹೋಗುವವರು ಅದರ ಹತ್ತಿರದಲ್ಲೇ ಹಾದು ಹೋಗುತ್ತಾರೆ.

ಇಷ್ಟೆಲ್ಲ ಮಾಡಿದ ಪಾದ್ರಿ ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರು? ಇದು ಎರಡನೆಯ ಲೆಕ್ಕ, ಅವರೇ ಬರೆದಿಟ್ಟದ್ದು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಷ್ಟು ದೀರ್ಘ ಕಾಲದಲ್ಲಿ ತಮಗೆ ಸಿಕ್ಕವರು ಇನ್ನೂರರಿಂದ ಮುನ್ನೂರು ಎಂದು ಒಪ್ಪಿಕೊಂಡರು. ಅವರಲ್ಲೂ ಬಹಳ ಮಂದಿ ನಂಬಿಕೆಯಿಂದ ಬಂದವರಲ್ಲ, ಬೇರೆ ದಿಕ್ಕಿಲ್ಲದೆ ಬಂದವರು ಎಂದರು. ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಈ ದೇಶದಲ್ಲಿ ಫಲಿಸುವುದಿಲ್ಲ ಎಂಬ ತೀರ್ಮಾನಕ್ಕೂ ಬಂದರು. ಮಿಷನರಿ ಸಂಘಗಳು ದೊಡ್ಡ ದೊಡ್ಡ ವರದಿ ಕಳಿಸಿ ಚಂದಾ ಎತ್ತುತ್ತಿದ್ದ ಕಾಲದಲ್ಲಿ ಈ ಮಾತು ಹಲವರಿಗೆ ಸಿಟ್ಟು ತರಿಸಿತು, ವಿರುದ್ಧ ಪುಸ್ತಕಗಳೂ ಬಂದವು. ಸಂಖ್ಯೆಯನ್ನು ಉಬ್ಬಿಸಿ ಬರೆದಿದ್ದರೆ ಕೇಳುವವರಿರಲಿಲ್ಲ. ಬಯೋಡೇಟಾದಲ್ಲಿ ಇಲ್ಲದ ಅನುಭವ ತುಂಬುವುದನ್ನು ಸಾಮಾನ್ಯವೆಂದುಕೊಂಡಿರುವ ನಮಗೆ ಈ ಇನ್ನೂರು ಮುನ್ನೂರು ವಿಚಿತ್ರವಾಗಿ ಕಾಣುತ್ತದೆ. ನನಗಂತೂ ಅವರ ಎಲ್ಲ ಕೆಲಸಗಳಲ್ಲಿ ಇದೇ ಹೆಚ್ಚು ಧಾರ್ಮಿಕವಾಗಿ ಕಂಡಿತು.

ಅವರನ್ನು ಸಂತನೆಂದು ಕೂರಿಸಲು ಮನಸ್ಸಾಗುವುದಿಲ್ಲ. ಅವರ ಪುಸ್ತಕ ಓದಿದರೆ ಬ್ರಾಹ್ಮಣರ ಮೇಲೆ, ದಲಿತರ ಮೇಲೆ, ಒಟ್ಟಾರೆ ಈ ನೆಲದ ಜನರ ಮೇಲೆ ಕಹಿ ಮಾತುಗಳು ಸಿಗುತ್ತವೆ. ಸಂತೆಮರಹಳ್ಳಿಯಂಥ ಊರಲ್ಲಿ ಬೆಳೆದವರಿಗೆ ಕೆಲವು ಪುಟಗಳು ಚುಚ್ಚುತ್ತವೆ. ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡ ಆ ಹಸ್ತಪ್ರತಿ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಮುಂಚೆ ದಕ್ಷಿಣ ಭಾರತದಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಕೊರ್ದು ಅವರ ಬರಹವನ್ನು ಆಧರಿಸಿದ್ದೆಂದು 20ನೇ ಶತಮಾನದಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ತೋರಿಸಿದರು. ಮತಾಂತರದ ಲೆಕ್ಕದಲ್ಲಿ ಅಷ್ಟು ಪ್ರಾಮಾಣಿಕರಾದವರು ಇಲ್ಲಿ ಹೆಸರು ಹೇಳದೆ ಹೋದರು. ವಿಚಿತ್ರವೆಂದರೆ, ಪರೀಕ್ಷೆಗೆ ನಾವು ಉರು ಹೊಡೆಯುವುದು ಆ ಪುಸ್ತಕದ ಹೆಸರನ್ನೇ.

ಅವರ ಕಹಿ ಬರಹ ಓದುವಾಗೆಲ್ಲ ನಾನು ಆ ತೋಳುಗಳನ್ನು ನೆನೆಯುತ್ತೇನೆ. ಇಷ್ಟೆಲ್ಲ ದೂರು ಇಟ್ಟುಕೊಂಡ ಮನುಷ್ಯ ಬೆಳಗಾದರೆ ಮತ್ತೆ ಅದೇ ಜನರ ನಡುವೆ ಹೋಗಿ, ಅವರ ಮಕ್ಕಳ ಬೊಕ್ಕೆಗೆ ಎಂಟು ದಿನ ತುಂಬಿತೇ ಎಂದು ಎಣಿಸಿದರಲ್ಲ. ಲಸಿಕೆ ಪಡೆದವರಿಂದ ಮತ ಬದಲಿಸಿ ಎಂದು ಅವರು ಕೇಳಿದ್ದರೆ ಎರಡನೆಯ ಲೆಕ್ಕ ಮುನ್ನೂರಕ್ಕೆ ನಿಲ್ಲುತ್ತಿರಲಿಲ್ಲ. ನಮ್ಮ ಜಿಲ್ಲೆಯವರಿಗೆ ಕೊಳ್ಳೇಗಾಲದ ಕಡೆಯ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಗೊತ್ತು. ಹೆರಿಗೆಗೋ ಜ್ವರಕ್ಕೋ ಅಲ್ಲಿಗೆ ಹೋಗಿಬಂದ ನಮ್ಮ ಕಡೆಯ ಹೆಂಗಸರು ಆ ಸಿಸ್ಟರುಗಳ ಬೈಬಲ್ಲಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ರಾತ್ರಿ ಎದ್ದು ಬಂದು ನೋಡಿದ್ದನ್ನು ಹೇಳುತ್ತಾರೆ.

1823ರ ಜನವರಿ 15ರಂದು ದುಬಾಯ್ ಭಾರತ ಬಿಟ್ಟರು, ಮತ್ತೆ ಬರಲಿಲ್ಲ. ಕಂಪನಿ ಪಿಂಚಣಿ ಕೊಟ್ಟಿತು. ಪ್ಯಾರಿಸ್ಸಿನಲ್ಲಿ 1826ರಲ್ಲಿ ನಮ್ಮ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ತಮ್ಮನ್ನು ಕಳುಹಿಸಿದ್ದ ಅದೇ ಮಿಷನ್ನಿಗೆ 1836ರಿಂದ ಮೂರು ವರ್ಷ ಮುಖ್ಯಸ್ಥರಾದರು. ಈ ದೇಶದಲ್ಲಿ ಮತಾಂತರ ಫಲಿಸದು ಎಂದು ಬರೆದವರೇ ಆ ಪೀಠದಲ್ಲಿ ಕೂತು ಹೊಸ ಹುಡುಗರನ್ನು ಪೂರ್ವ ದೇಶಗಳಿಗೆ ಕಳುಹಿಸಿಕೊಟ್ಟರು. ಹಡಗು ಹತ್ತುವ ಆ ಹುಡುಗರಿಗೆ ಅವರು ತಮ್ಮ ಎರಡು ಲೆಕ್ಕಗಳಲ್ಲಿ ಯಾವುದನ್ನು ಹೇಳಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.