ಬಾಲಗಂಧರ್ವರು: ಹಾಡಿ ತೀರಿಸಿದ ಋಣ

ಕನ್ನಡ ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಮರಾಠಿ ರಂಗನಟರೊಬ್ಬರ ಚರಿತ್ರೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ಗಂಟೆ ಮೊದಲ ಬಾರಿಗೆ ಮೊಳಗಿದ ಕಾಲದಲ್ಲಿ ಈ ಸೀಮೆಯ ಜನರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತನಾಡುತ್ತಿದ್ದರು. ಸಂಗೀತ ನಾಟಕವೆಂದರೆ ಎರಡೂ ಭಾಷೆಯವರ ಕಿವಿ ನಿಮಿರುತ್ತಿತ್ತು. ಆ ನಾಟಕಲೋಕದಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಕೇಳಿಬರುತ್ತಿದ್ದ ಹೆಸರು ಬಾಲಗಂಧರ್ವರದು. ಅನೇಕ ವರ್ಷ ನಾನು ಅವರ ಬಾಳನ್ನು ಮಕ್ಕಳಿಗೆ ಕಲೆಯ ವಿಜಯದ ಕಥೆಯಾಗಿ ಹೇಳಿದೆ. ಈಗ ಅದನ್ನು ಋಣದ ಕಥೆಯಾಗಿ ಓದುತ್ತೇನೆ.

ಮೊದಲನೆಯ ಋಣ ಮರಾಠಿ ರಂಗಭೂಮಿಗೇ ಸೇರಿದ್ದು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು 1842ರಲ್ಲಿ ಸಾಂಗ್ಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಾಂಗ್ಲಿಯ ಅರಸರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಂದ ಮರಾಠಿಯಲ್ಲಿ ಅಂಥದೊಂದು ಆಟ ಕಟ್ಟಿಸಿದರು. 1843ರಲ್ಲಿ ಸೀತಾಸ್ವಯಂವರ ಪ್ರದರ್ಶಿತವಾಯಿತು. ಮುಂದೆ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದು ಸಂಗೀತ ನಾಟಕಕ್ಕೆ ನೆಲೆ ಒದಗಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬಾಲಗಂಧರ್ವರು ನಿಂತು ಹಾಡಿದ ವೇದಿಕೆಯ ಒಂದೆರಡು ಹಲಗೆಗಳು ನಮ್ಮ ಕಾಡಿನ ಮರದವು ಎನ್ನುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ನಾರಾಯಣ ಶ್ರೀಪಾದ ರಾಜಹಂಸರ ಜನನ 1888ರ ಜೂನ್ 26ರಂದು. ಬಾಲಕನಾಗಿದ್ದಾಗಲೇ ಅವರ ಕಂಠ ಕೇಳುಗರನ್ನು ಹಿಡಿದು ನಿಲ್ಲಿಸುತ್ತಿತ್ತು. ಪುಣೆಯಲ್ಲಿ ಅವರ ಹಾಡು ಕೇಳಿದ ಲೋಕಮಾನ್ಯ ತಿಲಕರು ಮೆಚ್ಚಿ ಬಾಲಗಂಧರ್ವ ಎಂದು ಕರೆದರಂತೆ. ಆ ಹೆಸರೇ ಕೊನೆಯವರೆಗೆ ಉಳಿಯಿತು. 1905ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವರು ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಗಳಿಗೆ ಹೆಸರಾಗಿದ್ದ ಭಾವೂರಾವ ಕೊಲ್ಹಟಕರರು 1901ರಲ್ಲಿ ತೀರಿಕೊಂಡ ಬಳಿಕ ಮಂಡಳಿ ಕಳೆಗುಂದಿತ್ತು. ಶಕುಂತಲೆಯಾಗಿ ಈ ತರುಣ ರಂಗಕ್ಕೆ ಬಂದಾಗ ಮಂಡಳಿಗೆ ಮರುಜೀವ ಬಂದಂತಾಯಿತು.

ಅವರ ಗಾಯನಕ್ಕೆ ಪೂರ್ಣ ಸಂಸ್ಕಾರ ದೊರೆತದ್ದು ಭಾಸ್ಕರಬುವಾ ಬಖಲೆಯವರಲ್ಲಿ. ಧಾರವಾಡದಲ್ಲಿ ಕೆಲಕಾಲ ಸಂಗೀತ ಶಿಕ್ಷಕರಾಗಿದ್ದ ಬುವಾ ನಮ್ಮವರಿಗೂ ಅಪರಿಚಿತರಲ್ಲ. ರಾಗದಾರಿ ಸಂಗೀತವನ್ನು ನಾಟಕದ ಪದಕ್ಕೆ ಅಳವಡಿಸುವುದು ಸುಲಭದ ಕೆಲಸವಲ್ಲ. ಆಲಾಪ ಹೆಚ್ಚಾದರೆ ಕಥೆ ನಿಲ್ಲುತ್ತದೆ. ತಾನುಗಳ ಅಬ್ಬರದಲ್ಲಿ ಮಾತಿನ ಅರ್ಥ ಕರಗಿಹೋಗುತ್ತದೆ. ಬಾಲಗಂಧರ್ವರು ಪದದ ಒಂದೊಂದು ಅಕ್ಷರವೂ ಕೇಳುವಂತೆ, ಲಯದ ಮೇಲೆ ಹಗುರವಾಗಿ ತೇಲುವಂತೆ ಹಾಡಿದರು. ಪಾತ್ರದ ದುಃಖವನ್ನು ಒಂದು ಸಣ್ಣ ಮುರ್ಕಿಯಲ್ಲಿ ಅಡಗಿಸಿಡಬಲ್ಲವರಾಗಿದ್ದರು. ಪ್ರೇಕ್ಷಕರು ಒನ್ಸ್‌ಮೋರ್ ಎಂದಷ್ಟೂ ಸಲ ಅದೇ ಪದವನ್ನು ಹೊಸ ಬಣ್ಣದಲ್ಲಿ ಹಾಡುತ್ತಿದ್ದರು. ನಾಟಕ ಬೆಳಗಿನ ಜಾವದವರೆಗೆ ಬೆಳೆಯುತ್ತಿತ್ತು. ಅವರು ಸೀರೆ ಉಟ್ಟ ಬಗೆ, ಮುಡಿ ಕಟ್ಟಿದ ರೀತಿ, ಒಡವೆಗಳ ವಿನ್ಯಾಸಗಳನ್ನು ಗೃಹಿಣಿಯರು ಅನುಕರಿಸಿದರು. ಹೆಣ್ಣುಮಕ್ಕಳು ರಂಗವೇರುವುದನ್ನು ಸಮಾಜ ಒಪ್ಪದಿದ್ದ ಕಾಲದಲ್ಲಿ ಗಂಡಸೊಬ್ಬ ಹೆಣ್ಣುಮಕ್ಕಳ ಉಡುಗೆಗೆ ಮಾದರಿಯಾದನೆಂಬುದು ಆ ಯುಗದ ವಿಚಿತ್ರಗಳಲ್ಲೊಂದು.

1911ರ ಮಾರ್ಚ್ 12ರಂದು ಮುಂಬಯಿಯಲ್ಲಿ ಖಾಡಿಲಕರರ ಮಾನಾಪಮಾನ ನಾಟಕದ ಮೊದಲ ಪ್ರಯೋಗ. ಅದೇ ದಿನ ಬಾಲಗಂಧರ್ವರ ಎಳೆಯ ಮಗಳು ತೀರಿಕೊಂಡಳು. ಪ್ರಯೋಗವನ್ನು ಮುಂದೂಡಲು ಎಲ್ಲರೂ ಸಿದ್ಧರಿದ್ದರು. ಅವರು ಒಪ್ಪಲಿಲ್ಲ, ದೂರದಿಂದ ಬಂದ ಪ್ರೇಕ್ಷಕರನ್ನು ಹಿಂದಿರುಗಿಸಬಾರದೆಂದು ಬಣ್ಣ ಹಚ್ಚಿಕೊಂಡು ಭಾಮಿನಿಯಾಗಿ ರಂಗಕ್ಕೆ ಬಂದರು. ನಾಟಕ ಅಪೂರ್ವ ಯಶಸ್ಸು ಕಂಡಿತು. ಕರ್ತವ್ಯನಿಷ್ಠೆಗೆ ಉದಾಹರಣೆಯಾಗಿ ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವುದು ನನ್ನ ರೂಢಿಯಾಗಿತ್ತು. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಆ ರಾತ್ರಿ ಮಗುವಿನ ತಾಯಿಯ ಬಳಿ ಯಾರಿದ್ದರೆಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಚರಿತ್ರೆ ಬರೆದವರು ಪ್ರೇಕ್ಷಕರ ಚಪ್ಪಾಳೆಯನ್ನು ದಾಖಲಿಸಿದ್ದಾರೆ. ಪತ್ನಿ ಲಕ್ಷ್ಮೀಬಾಯಿಯವರ ಆ ಇರುಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂದಿನಿಂದ ಈ ಪ್ರಸಂಗವನ್ನು ಹೇಳುವಾಗ ಆ ಹುಡುಗಿಯ ಪ್ರಶ್ನೆಯನ್ನೂ ಸೇರಿಸಿಯೇ ಹೇಳುತ್ತೇನೆ.

1913ರಲ್ಲಿ ಗೋವಿಂದರಾವ ಟೆಂಬೆ ಹಾಗೂ ಗಣಪತರಾವ ಬೋಡಸರೊಡನೆ ಅವರು ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. 1916ರ ಸ್ವಯಂವರದಲ್ಲಿ ರುಕ್ಮಿಣಿಯಾದರು. ಅದರ ಪದಗಳಿಗೆ ಸ್ವರ ಕೂಡಿಸಿದವರು ಗುರು ಭಾಸ್ಕರಬುವಾ. 1919ರಲ್ಲಿ ರಾಮ ಗಣೇಶ ಗಡಕರಿಯವರ ಏಕಚ್ ಪ್ಯಾಲಾ ನಾಟಕದಲ್ಲಿ ಕುಡುಕ ಗಂಡನ ಪತ್ನಿ ಸಿಂಧುವಾದರು. ಜರತಾರಿ ಸೀರೆಗಳಲ್ಲಿ ಮೆರೆದಿದ್ದ ನಟ ಬಡತನದಲ್ಲಿ ಬೆಂದ ಹೆಂಗಸಾಗಿ ನಿಂತಾಗ ನೋಡಿದವರು ಕಣ್ಣೀರಿಟ್ಟರು. ಈ ನಾಟಕ ರಂಗಕ್ಕೆ ಬರುವ ಮೊದಲೇ ಗಡಕರಿಯವರು ತೀರಿಕೊಂಡಿದ್ದರು.

1921ರ ಜುಲೈ 8ರಂದು ತಿಲಕ ಸ್ವರಾಜ್ಯ ನಿಧಿಯ ಸಹಾಯಾರ್ಥ ಸಂಯುಕ್ತ ಮಾನಾಪಮಾನ ನಡೆಯಿತು. ಬಾಲಗಂಧರ್ವರ ಭಾಮಿನಿಗೆ ಧೈರ್ಯಧರನಾಗಿ ಎದುರು ನಿಂತವರು ಕೇಶವರಾವ ಭೋಸಲೆ. ಅವರ ಲಲಿತಕಲಾದರ್ಶ ಮಂಡಳಿ 1908ರಲ್ಲಿ ಸ್ಥಾಪನೆಯಾದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಪೈಪೋಟಿಯ ಎರಡು ಮಂಡಳಿಗಳ ನಾಯಕರು ದೇಶದ ಕೆಲಸಕ್ಕಾಗಿ ಒಂದೇ ರಂಗದಲ್ಲಿ ಹಾಡಿದರು. ಕೆಲವೇ ತಿಂಗಳಲ್ಲಿ ಕೇಶವರಾವರು ಕಾಲವಾದರು. ಆ ಜೋಡಿ ಮತ್ತೆ ಕೂಡಲಿಲ್ಲ.

ಕೀರ್ತಿಯ ಶಿಖರದಲ್ಲಿಯೇ ಸಾಲ ಬೆಳೆಯಿತು. ರಂಗದ ಮೇಲೆ ಕಾಣುವುದೆಲ್ಲ ಅಸಲಿಯಾಗಿರಬೇಕೆಂಬುದು ಬಾಲಗಂಧರ್ವರ ಹಠ. ಅಪ್ಪಟ ರೇಷ್ಮೆ, ಬೆಲೆಬಾಳುವ ಅತ್ತರು, ಭಾರಿ ಪರದೆಗಳು; ತಬಲಾಕ್ಕೆ ಅಹಮದ್ ಜಾನ್ ತಿರಖವಾ, ಸಾರಂಗಿಗೆ ಕಾದರಬಕ್ಷ್. ಲೆಕ್ಕಪತ್ರದತ್ತ ಅವರ ದೃಷ್ಟಿ ಹರಿಯಲೇ ಇಲ್ಲ. ಮಂಡಳಿ ಸಾಲದಲ್ಲಿ ಮುಳುಗಿತು. ಆದರೂ ಅವರು ತಲೆಮರೆಸಿಕೊಳ್ಳಲಿಲ್ಲ. ಊರಿಂದೂರಿಗೆ ಹೋಗಿ, ವರ್ಷಗಟ್ಟಲೆ ರಾತ್ರಿ ರಾತ್ರಿ ಹಾಡಿ, ಆ ಸಾಲವನ್ನು ತೀರಿಸಿದರು. ಹೊಣೆಗೇಡಿತನವೂ ಪ್ರಾಮಾಣಿಕತೆಯೂ ಒಬ್ಬರಲ್ಲಿಯೇ ಇರಬಹುದೆಂಬುದನ್ನು ಅವರ ಬಾಳು ತೋರಿಸುತ್ತದೆ. ಮಕ್ಕಳಿಗೆ ಇವೆರಡನ್ನೂ ಹೇಳಬೇಕು.

ಮೂವತ್ತರ ದಶಕದಲ್ಲಿ ಮಾತನಾಡುವ ಚಿತ್ರಗಳು ಬಂದವು. ಹೆಂಗಸರೂ ರಂಗಕ್ಕೆ ಬಂದರು. 1935ರಲ್ಲಿ ಪ್ರಭಾತ ಕಂಪನಿಯ ಧರ್ಮಾತ್ಮಾ ಚಿತ್ರದಲ್ಲಿ ಅವರು ಸಂತ ಏಕನಾಥರಾದರು. ಶಾಂತಾರಾಮರ ನಿರ್ದೇಶನದ ಆ ಚಿತ್ರ ಉತ್ತಮವಾಗಿದ್ದರೂ ಎದುರಿಗೆ ಪ್ರೇಕ್ಷಕರಿಲ್ಲದ ಕ್ಯಾಮೆರಾದ ಮುಂದೆ ಅವರ ಜೀವ ಒಗ್ಗಲಿಲ್ಲ. ಮತ್ತೆ ನಾಟಕಕ್ಕೆ ಮರಳಿದರು. ಆಗ ಅವರ ಮಂಡಳಿಗೆ ಬಂದವರು ಗೋಹರಬಾಯಿ ಕರ್ನಾಟಕಿ. ಬೀಳಗಿಯ ಈ ಗಾಯಕಿ ಚಿತ್ರರಂಗದಲ್ಲಿ ಹೆಸರಾದ ಅಮೀರಬಾಯಿಯವರ ಸೋದರಿ; ಬಾಲಗಂಧರ್ವರ ಗಾಯಕಿಯನ್ನು ಆರಾಧಿಸಿ ಅದೇ ಧಾಟಿಯಲ್ಲಿ ಹಾಡುತ್ತಿದ್ದವರು. ಲಕ್ಷ್ಮೀಬಾಯಿಯವರು 1940ರಲ್ಲಿ ತೀರಿಕೊಂಡರು. ಮುಂದೆ ಗೋಹರಬಾಯಿ ಬಾಲಗಂಧರ್ವರ ಬಾಳಸಂಗಾತಿಯಾದರು. ಈ ಸಂಬಂಧವನ್ನು ಸಮಾಜ ಸಹಿಸಲಿಲ್ಲ. ಅನೇಕ ಆಪ್ತರು ದೂರವಾದರು. ಆದರೆ ಮುಪ್ಪಿನಲ್ಲಿ ಕಾಲುಗಳು ಸೋತು ಅವರು ಕುಳಿತಲ್ಲಿಯೇ ಉಳಿದಾಗ ಆರೈಕೆ ಮಾಡಿದವರು ಆ ಕನ್ನಡದ ಹೆಣ್ಣುಮಗಳೇ. 1964ರಲ್ಲಿ ಆಕೆ ಕಣ್ಣುಮುಚ್ಚಿದರು. ಅದೇ ವರ್ಷ ಬಾಲಗಂಧರ್ವರಿಗೆ ಪದ್ಮಭೂಷಣ ಪ್ರಶಸ್ತಿ ಬಂತು.

1967ರ ಜುಲೈ 15ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರಂಗಮಂದಿರ ಮರುವರ್ಷ ಜೂನ್ 26ರಂದು, ಅವರ ಜನ್ಮದಿನದಂದೇ, ಪುಣೆಯಲ್ಲಿ ತೆರೆಯಿತು.

ಸಾಹುಕಾರರ ಸಾಲವನ್ನು ಅವರು ತೀರಿಸಿದರು. ಪ್ರೇಕ್ಷಕರ ಋಣವನ್ನು ಬಡ್ಡಿಸಮೇತ ಸಲ್ಲಿಸಿದರು. ಲಕ್ಷ್ಮೀಬಾಯಿಯವರ ಋಣ, ಗೋಹರಬಾಯಿಯವರ ಋಣ ತೀರಿದವೆಂದು ಹೇಳಲು ನನಗೆ ಧೈರ್ಯ ಸಾಲದು. ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಪ್ರತಿವರ್ಷ ಮಕ್ಕಳು ಬಣ್ಣ ಹಚ್ಚಿಕೊಂಡು ವೇದಿಕೆಗೆ ಬರುತ್ತಾರೆ. ಆಗ ಪರದೆಯ ಹಿಂದೆ ಅವರ ತಾಯಂದಿರು ಸೂಜಿದಾರ ಹಿಡಿದು ನಿಂತಿರುತ್ತಾರೆ. ಚಪ್ಪಾಳೆ ಬಿದ್ದಾಗ ಒಮ್ಮೆ ಆ ಕಡೆಗೂ ತಿರುಗಿ ನೋಡಿರೆಂದು ನಾನು ಮಕ್ಕಳಿಗೆ ಹೇಳುತ್ತೇನೆ.