ಸಾಲದ ಮನೆಯಲ್ಲಿ ಬೆಳೆದ ಶ್ರದ್ಧೆ

ಕನ್ನಡ ಮುದ್ರಣದ ಚರಿತ್ರೆಯನ್ನು ಬಲ್ಲವರಿಗೆ ಮೈಸೂರಿನ ವೆಸ್ಲಿಯನ್ ಮಿಷನ್ ಅಪರಿಚಿತವಲ್ಲ. 1887ರಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಹೊರಡಿಸಿದ್ದು ಅದೇ ಮಿಷನ್. ಅದಕ್ಕೆ ಹೆಸರು ಕೊಟ್ಟ ಜಾನ್ ವೆಸ್ಲಿ ಮೆಥಡಿಸ್ಟ್ ಪಂಥದ ಪ್ರವರ್ತಕ. ಆತನ ತಮ್ಮ ಚಾರ್ಲ್ಸ್ ಸಾವಿರಾರು ಸ್ತುತಿಗೀತೆಗಳ ಕರ್ತೃ. ಈ ಇಬ್ಬರ ತಾಯಿ ಸುಸಾನಾ ವೆಸ್ಲಿಯನ್ನು ಕ್ರೈಸ್ತ ಜಗತ್ತು ಆದರ್ಶ ಮಾತೆಯೆಂದು ಕೊಂಡಾಡುತ್ತ ಬಂದಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಆಕೆ ಸೆಳೆದದ್ದು ಬೇರೆ ಕಾರಣಕ್ಕೆ. ಕೈಯಲ್ಲಿ ಕಾಸಿಲ್ಲದ ತಾಯಿ ಮಕ್ಕಳಿಗೆ ಏನನ್ನು ಹಂಚಬಲ್ಲಳು ಎಂಬ ಪ್ರಶ್ನೆಗೆ ಆಕೆಯ ಬದುಕಿನಲ್ಲಿ ಒಂದು ಉತ್ತರವಿದೆ.

ಸುಸಾನಾ ಹುಟ್ಟಿದ್ದು 1669ರಲ್ಲಿ, ಲಂಡನ್ನಿನಲ್ಲಿ. ಆಂಗ್ಲಿಕನ್ ಸಭೆಯಿಂದ ಹೊರನಡೆದಿದ್ದ ಧರ್ಮಬೋಧಕರೊಬ್ಬರ ಇಪ್ಪತ್ತೈದನೆಯ ಮಗು ಆಕೆ. ಹದಿಮೂರರ ಹರೆಯದಲ್ಲೇ ಸ್ವಂತ ವಿಚಾರದಿಂದ ತಂದೆ ತೊರೆದ ಸಭೆಗೆ ಮರಳಿದಳು. 1688ರಲ್ಲಿ ಸ್ಯಾಮ್ಯುಯೆಲ್ ವೆಸ್ಲಿಯನ್ನು ವರಿಸಿದಳು. ಆತ ಮುಂದೆ ಲಿಂಕನ್‌ಷೈರ್‌ನ ಎಪ್‌ವರ್ತ್ ಎಂಬ ಊರಿನ ಪಾದ್ರಿಯಾದ. ಹುಟ್ಟಿದ ಮಕ್ಕಳು ಹತ್ತೊಂಬತ್ತು; ಒಂಬತ್ತು ಎಳವೆಯಲ್ಲೇ ತೀರಿಕೊಂಡವು.

ಪತಿ ವಿದ್ವಾಂಸ, ಆದರೆ ಹಣಕಾಸಿನ ವಿವೇಕವಿಲ್ಲದವನು. 1705ರಲ್ಲಿ ಸಾಲಕ್ಕಾಗಿ ಲಿಂಕನ್ ಕೋಟೆಯ ಸೆರೆಮನೆ ಸೇರಿದ. ಕಳುಹಿಸಲು ಬೇರೇನೂ ಇಲ್ಲದೆ ಸುಸಾನಾ ತನ್ನ ಉಂಗುರಗಳನ್ನು ಕಳುಹಿಸಿದಳು. ಆತ ಅವನ್ನು ಹಿಂದಿರುಗಿಸಿದ. ಎಂದಾದರೂ ರೊಟ್ಟಿಗೇ ಕೊರತೆಯಾಗಿತ್ತೇ ಎಂದು ಆರ್ಚ್‌ಬಿಷಪ್ ವಿಚಾರಿಸಿದಾಗ, ಹಾಗೇನೂ ಆಗಿಲ್ಲ, ಆದರೆ ಅದನ್ನು ಸಂಪಾದಿಸುವ ಮತ್ತು ತಿಂದ ಮೇಲೆ ಬೆಲೆ ತೀರಿಸುವ ಚಿಂತೆಯಲ್ಲಿ ಅದರ ರುಚಿಯೇ ಕೆಡುತ್ತಿತ್ತು ಎಂಬರ್ಥದ ಉತ್ತರವಿತ್ತಳು. ಋಣಭಾರದ ಇಷ್ಟು ನಿಖರ ವಿವರಣೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಇಂಥ ಮನೆಯಲ್ಲಿ ಆಕೆ ದಿನಕ್ಕೆ ಆರು ಗಂಟೆ ಶಾಲೆ ನಡೆಸಿದಳು. ಮಗುವಿಗೆ ಐದು ತುಂಬಿದೊಡನೆ ಅಕ್ಷರಾಭ್ಯಾಸ. ಚೆನ್ನಾಗಿ ಓದಲು ಬರುವವರೆಗೆ ಹೆಣ್ಣುಮಗುವಿನ ಕೈಗೆ ಸೂಜಿ ಕೊಡಬಾರದೆಂಬುದು ಆಕೆಯ ಕಟ್ಟುನಿಟ್ಟಿನ ನಿಯಮ. 1709ರ ಫೆಬ್ರುವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಜಾನ್‌ನನ್ನು ಮಹಡಿಯ ಕಿಟಕಿಯಿಂದ ಕೊನೆಯ ಗಳಿಗೆಯಲ್ಲಿ ಇಳಿಸಿಕೊಂಡರು. ಮಕ್ಕಳು ಹಲವು ಮನೆಗಳಿಗೆ ಚದುರಿಹೋದರು. ಅವರು ಮತ್ತೆ ಒಟ್ಟುಗೂಡಿದ ಮೇಲೆ ಆಕೆ ವಾರದ ಸಂಜೆಗಳನ್ನು ಹಂಚಿಬಿಟ್ಟಳು: ಮಂಗಳವಾರ ಹೆಟ್ಟಿಗೆ, ಗುರುವಾರ ಜಾನ್‌ಗೆ, ಶನಿವಾರ ಚಾರ್ಲ್ಸ್‌ಗೆ, ಹೀಗೆ. ಆ ಹೊತ್ತು ಮಗುವಿನ ಮನಸ್ಸು, ನಂಬಿಕೆ, ಸಂದೇಹಗಳಿಗೆ ಮೀಸಲು. ಬೆಳೆದು ಆಕ್ಸ್‌ಫರ್ಡ್ ಸೇರಿದ ಮೇಲೂ ಜಾನ್ ಆ ಗುರುವಾರದ ಹೊತ್ತನ್ನು ನೆನೆದು ತಾಯಿಗೆ ಪತ್ರ ಬರೆದ.

ಆಕೆಯ ಭಕ್ತಿ ಬರಿಯ ವಿಧೇಯತೆಯಾಗಿರಲಿಲ್ಲ. ಪತಿ ಲಂಡನ್ನಿನಲ್ಲಿದ್ದ 1711-12ರ ಚಳಿಗಾಲದಲ್ಲಿ ಭಾನುವಾರ ಸಂಜೆ ಮನೆಮಂದಿಗೆ ಧರ್ಮೋಪದೇಶ ಓದತೊಡಗಿದಳು. ನೆರೆಹೊರೆಯವರೂ ಬಂದರು, ಸಂಖ್ಯೆ ಇನ್ನೂರನ್ನು ಮುಟ್ಟಿತು. ಸಹಾಯಕ ಪಾದ್ರಿ ದೂರಿತ್ತ, ಪತಿ ನಿಲ್ಲಿಸಲು ಸೂಚಿಸಿದ. ನಿಮ್ಮ ಇಚ್ಛೆಯೊಂದೇ ಸಾಲದು, ಸ್ಪಷ್ಟ ಆದೇಶ ಕೊಡಿ, ಅಂತಿಮ ತೀರ್ಪಿನ ದಿನ ಹೊಣೆ ನನ್ನದಾಗಬಾರದು ಎಂಬ ಭಾವದ ಉತ್ತರ ಹೋಯಿತು. ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಈ ಉತ್ತರದ ತೂಕ ಗೊತ್ತು. ಮೌಖಿಕ ಸೂಚನೆ ನೀಡಿ ಹೊಣೆ ಜಾರಿಸುವವರ ಮುಂದೆ ಲಿಖಿತ ಆದೇಶ ಕೇಳಲು ಧೈರ್ಯ ಬೇಕು. ದಶಕಗಳ ಬಳಿಕ, ದೀಕ್ಷೆ ಪಡೆಯದ ಯುವಕನೊಬ್ಬನ ಉಪದೇಶವನ್ನು ತಡೆಯಲು ಜಾನ್ ಧಾವಿಸಿ ಬಂದಾಗ, ಅವನ ಮಾತನ್ನು ಮೊದಲು ನೀನೇ ಕೇಳು ಎಂದು ತಡೆದವಳೂ ಈಕೆಯೇ. ಮೆಥಡಿಸ್ಟರಲ್ಲಿ ಸಾಮಾನ್ಯ ಜನ ಬೋಧಕರಾಗುವುದಕ್ಕೆ ಹೀಗೆ ದಾರಿಯಾಯಿತು.

ಎಲ್ಲವೂ ಅನುಕರಣೀಯವಲ್ಲ. ಮಗುವಿನ ಹಟವನ್ನು ಮುರಿಯಬೇಕು, ವರ್ಷ ತುಂಬುವಾಗಲೇ ಅದು ಬೆತ್ತಕ್ಕೆ ಅಂಜಿ ಮೆಲ್ಲಗೆ ಅಳುವುದನ್ನು ಕಲಿಯಬೇಕು ಎಂಬ ಆಕೆಯ ನಿಲುವನ್ನು ಇಂದು ಒಪ್ಪಲಾಗದು. ಹೆಟ್ಟಿಯ ಕಥೆ ಇನ್ನೂ ನೋಯಿಸುತ್ತದೆ. ಗಂಡುಮಕ್ಕಳಷ್ಟೇ ಪ್ರತಿಭಾವಂತೆ, ಕವಯಿತ್ರಿ. 1725ರಲ್ಲಿ ಒಬ್ಬನನ್ನು ನಂಬಿ ಮನೆ ಬಿಟ್ಟು ಮೋಸಹೋದಳು. ತನಗೆ ಯಾವ ರೀತಿಯಲ್ಲೂ ಸರಿಹೊಂದದವನೊಡನೆ ಆಕೆಯ ಮದುವೆಯಾಯಿತು. ತಂದೆ ಕ್ಷಮಿಸಲಿಲ್ಲ, ತಾಯಿಯೂ ಮಗಳ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲ. ಅಣ್ಣತಮ್ಮಂದಿರಿಗೆ ಆಕ್ಸ್‌ಫರ್ಡ್ ಕಾದಿತ್ತು. ಅದೇ ಅಡಿಪಾಯದ ಮೇಲೆ ಬೆಳೆದ ಹೆಣ್ಣುಮಕ್ಕಳಿಗೆ ಆ ಸಮಾಜದಲ್ಲಿ ಯಾವ ಬಾಗಿಲೂ ತೆರೆದಿರಲಿಲ್ಲ. ಒಬ್ಬ ತಾಯಿಯ ಶ್ರದ್ಧೆ ಇಂಥ ಅನ್ಯಾಯವನ್ನು ತಾನಾಗಿಯೇ ಸರಿಪಡಿಸಲಾರದು. ಅದು ಸಮಾಜದ ಹೊಣೆ.

1742ರಲ್ಲಿ, ಜಾನ್‌ನ ಲಂಡನ್ ಕೇಂದ್ರವಾದ ‘ಫೌಂಡ್ರಿ’ಯಲ್ಲಿ ಸುಸಾನಾ ಕಣ್ಮುಚ್ಚಿದಳು. ಉಸಿರು ನಿಂತೊಡನೆ ದೇವರ ಸ್ತುತಿ ಹಾಡಿರೆಂದು ಮಕ್ಕಳನ್ನು ಕೇಳಿಕೊಂಡಿದ್ದಳು. ಅವರು ಹಾಗೆಯೇ ಮಾಡಿದರು. ದುಬಾರಿ ಶುಲ್ಕ ತೆತ್ತು ಮಕ್ಕಳ ಭವಿಷ್ಯ ಕಟ್ಟುವ ನಮ್ಮ ಮಧ್ಯಮವರ್ಗ, ಪ್ರತಿ ಮಗುವಿಗೂ ವಾರದಲ್ಲಿ ಒಂದು ಸಂಜೆಯನ್ನಾದರೂ ಪೂರ್ತಿಯಾಗಿ ಕೊಡುತ್ತಿದೆಯೇ ಎಂದು ಕೇಳಿಕೊಳ್ಳಬೇಕಾಗಿದೆ.