ಮುಮ್ಮಡಿ ಕೃಷ್ಣರಾಜ ಒಡೆಯರೂ ಕುಕ್ಕರಹಳ್ಳಿಯ ಕೆರೆಯೂ

ಕೆರೆ ಬಾವಿಗಳನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ಬಗೆದಿದ್ದರು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರು ಅಲ್ಲಮಪ್ರಭುಗಳ ಸಂಗದಿಂದ ಇನ್ನೊಂದು ಪಾಠವನ್ನು ಕಲಿತರೆಂದು ಶರಣಚರಿತ್ರೆಗಳು ತಿಳಿಸುತ್ತವೆ. ನಾನು ಮಾಡಿದೆನೆಂಬ ಭಾವವು ಅಳಿಯುವವರೆಗೆ ಮಾಡಿದ ಕಾರ್ಯವು ಪೂಜೆಯಾಗಲಾರದು ಎಂಬುದೇ ಆ ಪಾಠ. ಅದರ ಬೆಳಕಿನಲ್ಲಿ ನೋಡತಕ್ಕ ಒಂದು ಜೀವನವು ಮೈಸೂರಿನ ಅರಸರಲ್ಲಿಯೂ ಇದೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ ತಂದೆಯವರು ತೀರಿಕೊಂಡರು. ಟಿಪ್ಪು ಸುಲ್ತಾನನ ಪತನಾನಂತರ 1799ರ ಜೂನ್ 30ರಂದು ಐದರ ಹರೆಯದ ಈ ಬಾಲಕನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ವಹಿಸಿಕೊಂಡರು. ಅವರು ನಿವೃತ್ತರಾದ ಮೇಲೆ ಒಡೆಯರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆದರೆ ನಗರದ ಸೀಮೆಯಲ್ಲಿ ರೈತರ ದಂಗೆಯೆದ್ದುದನ್ನು ಕಾರಣವಾಗಿ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಅಧಿಕಾರವನ್ನು ಕಿತ್ತುಕೊಂಡರು.

ಅರಮನೆ ಉಳಿಯಿತು, ಬಿರುದುಗಳು ಉಳಿದುವು, ಆಜ್ಞೆ ಮಾತ್ರ ಉಳಿಯಲಿಲ್ಲ. ಅಂದಿನಿಂದ ಮೂವತ್ತೇಳು ವರ್ಷಗಳ ಕಾಲ ಅವರು ರಾಜ್ಯವನ್ನು ಮರಳಿ ಪಡೆಯಲು ಮನವಿಗಳನ್ನು ಸಲ್ಲಿಸುತ್ತಲೇ ಇದ್ದರು. ಕವಿಗಳಿಗೆ, ಚಿತ್ರಕಾರರಿಗೆ, ಪಂಡಿತರಿಗೆ ಆಶ್ರಯವನ್ನಿತ್ತರು. ಇಷ್ಟಾದರೂ ಕಳೆದುಹೋದುದರ ನೋವು ಅವರನ್ನು ಬಿಡಲಿಲ್ಲ.

ಆ ಇಳಿವಯಸ್ಸಿನಲ್ಲಿ, 1864ರಲ್ಲಿ, ಪಟ್ಟಣದ ಪಶ್ಚಿಮಕ್ಕಿರುವ ಕುಕ್ಕರಹಳ್ಳಿಯ ಕೆರೆಯನ್ನು ಅವರು ಕಟ್ಟಿಸಿದರು. ಪಟ್ಟಣದ ಹೊರಗಣ ಹೊಲಗದ್ದೆಗಳಿಗೆ ನೀರೊದಗಿಸುವುದು ಅದರ ಉದ್ದೇಶ. ಮಳೆಯ ನೀರನ್ನು ಹರಿಸಿ ತರುವ ಪೂರ್ಣಯ್ಯನವರ ಹೆಸರಿನ ನಾಲೆಯೂ ಈ ಕೆರೆಯನ್ನು ಸೇರುತ್ತಿದ್ದಿತು. ಕಾಲಾನಂತರದಲ್ಲಿ ಪಟ್ಟಣಿಗರ ಕುಡಿಯುವ ನೀರಿಗೂ ಕೆರೆಯು ಆಸರೆಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಾವೇರಿಯ ನೀರು ಮೈಸೂರಿಗೆ ಬಂದ ಮೇಲೆ ಆ ಹೊರೆಯು ಇಳಿಯಿತು.

1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡ ಒಡೆಯರು 1868ರ ಮಾರ್ಚ್ 27ರಂದು ದೈವಾಧೀನರಾದರು. ರಾಜ್ಯವು ಅವರ ಕೈಗೆ ಮರಳಲಿಲ್ಲ. ಅದು ಮನೆತನಕ್ಕೆ ಹಿಂತಿರುಗಿದುದು 1881ರಲ್ಲಿ. ಬೇಡಿದ ಅಧಿಕಾರವು ದೊರೆಯದೆ ಹೋಯಿತು. ಅಧಿಕಾರವಿಲ್ಲದೆ ಮಾಡಿದ ಕೆಲಸವು ನಿಂತಿತು. ಕೆರೆಯ ನೀರನ್ನು ಕೊಂಡವನು ಅದನ್ನು ಕಟ್ಟಿಸಿದವರಿಗೆ ಆಜ್ಞೆಯಿತ್ತೋ ಇಲ್ಲವೋ ಎಂದು ಕೇಳಲಿಲ್ಲ.

ಆದರೆ ಕೆರೆಯು ಒಬ್ಬರು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಏರಿಯನ್ನು ಕಾಯಬೇಕು, ಹೂಳನ್ನು ತೆಗೆಯಬೇಕು, ನೀರು ಬರುವ ದಾರಿಯನ್ನು ತೆರೆದಿಡಬೇಕು. ಪಟ್ಟಣವು ಬೆಳೆದಂತೆ ನಾಲೆಯ ದಾರಿಯಲ್ಲಿ ಮನೆಗಳೆದ್ದುವು. ಒಂದು ಕಾಲಕ್ಕೆ ಮಳೆಯ ನೀರಿಗೆ ಬದಲಾಗಿ ಚರಂಡಿಯ ಹೊಲಸು ಕೆರೆಗೆ ಸೇರಿತು. ಅರಸರು ಕಟ್ಟಿಸಿದರೆಂದು ನಾವು ಹೊಗಳುತ್ತ ಕುಳಿತರೆ ಹೂಳು ಹೋಗದು. ಕಟ್ಟಿದವರ ಹೆಸರನ್ನು ನೆನೆಯುವುದಕ್ಕಿಂತ ಅವರು ಬಿಟ್ಟುಹೋದ ನೀರನ್ನು ಶುದ್ಧವಾಗಿ ಮುಂದಿನವರಿಗೆ ಒಪ್ಪಿಸುವುದೇ ಕಾಯಕ. ಅದರಲ್ಲಿ ನಾನು ಮಾಡಿದೆನೆನ್ನುವುದಕ್ಕೆ ಯಾರಿಗೂ ಎಡೆಯಿಲ್ಲ.